ಹ್ಯಾಂಡ್ಲಿಂಗ್ ಅಂದ್ರೆ ಯಾರನ್ನ ಸಾರ್?

ನಮ್ಮ ಮಾವ ಬೆಂಡೆಕಾಯಿ ಕೊಳ್ಳುವಾಗ ಒಂದೊಂದರ ತುದಿಯನ್ನೂ ಲಟಕ್ ಅಂತ ಮುರಿದು ನೋಡುವ ಪೈಕಿ. ಕೆಇಬಿಯಲ್ಲಿ ಮೂವತ್ತು ವರ್ಷ ಲೆಕ್ಕ ಬರೆದು ರಿಟೈರ್ ಆದವರು. ಕಾರು ಬುಕ್ ಮಾಡಲು ಅವರನ್ನು ಕರೆದುಕೊಂಡು ಹೋಗಿದ್ದು ಹಿರಿಯರು ಜೊತೆಗಿರಲಿ ಅಂತ ಮಾತ್ರ. ಅವರ ಜೇಬಿನಲ್ಲಿ ಕೆಂಪು ಪೆನ್ನು ಇದೆ ಅಂತ ನನಗೆ ಗೊತ್ತಿರಲಿಲ್ಲ.

ಕಾರಿನ ಎಕ್ಸ್ ಶೋರೂಂ ಬೆಲೆ 9,40,000. ಜಿಎಸ್‌ಟಿ ಇದರಲ್ಲೇ ಸೇರಿದೆ, ಡೀಲರ್ ಲಾಭವೂ ಸೇರಿದೆ. ಹಾಗಾದರೆ ದುಡ್ಡು ಕೊಟ್ಟು ಗಾಡಿ ಓಡಿಸಿಕೊಂಡು ಹೋಗಬಹುದಲ್ವಾ? ಆಗಲ್ಲ. ರಸ್ತೆಗೆ ಬರಬೇಕಾದರೆ ಆನ್ ರೋಡ್ ಬೆಲೆ ಅಂತ ಇನ್ನೊಂದಿದೆ. ಶೋರೂಮಿಗೂ ರಸ್ತೆಗೂ ನಡುವೆ ಇರುವುದು ಒಂದು ಗಾಜಿನ ಬಾಗಿಲು. ಅದನ್ನು ದಾಟಲು ನಮ್ಮ ಕೊಟೇಷನ್ ಪ್ರಕಾರ ಎರಡೂವರೆ ಲಕ್ಷ.

ಮಾವ ಕನ್ನಡಕ ಏರಿಸಿ ಮೊದಲನೇ ಸಾಲಿಗೆ ಬಂದರು. ರೋಡ್ ಟ್ಯಾಕ್ಸು. ಕರ್ನಾಟಕದಲ್ಲಿ ಐದರಿಂದ ಹತ್ತು ಲಕ್ಷದ ಕಾರಿಗೆ 14 ಪರ್ಸೆಂಟ್. ಆ ತೆರಿಗೆಯ ಮೇಲೆ ಮತ್ತೆ 11 ಪರ್ಸೆಂಟ್ ಸೆಸ್. ಒಟ್ಟು 1,46,076. "ಇದು ಸರ್ಕಾರದ್ದು, ಕೊಸರಾಡೋಕಾಗಲ್ಲ" ಅಂತ ಟಿಕ್ ಹಾಕಿದರು. ಹತ್ತು ಲಕ್ಷ ದಾಟಿದ ಗಾಡಿಗೆ ಒಂದು ಪರ್ಸೆಂಟ್ ಟಿಸಿಎಸ್, ಅಂದರೆ ಮಾರುವವನೇ ನಮ್ಮಿಂದ ವಸೂಲಿ ಮಾಡಿ ಸರ್ಕಾರಕ್ಕೆ ಕಟ್ಟುವ ತೆರಿಗೆ, ಅಂತ ಬೇರೆ ಇರುತ್ತದೆ. ಅದು ಆದಾಯ ತೆರಿಗೆಯಲ್ಲಿ ವಜಾ ಆಗುತ್ತದೆ. ಇಡೀ ಕೊಟೇಷನ್‌ನಲ್ಲಿ ವಾಪಸ್ ಬರುವ ದುಡ್ಡು ಅದೊಂದೇ. ನಮ್ಮ ಕಾರು ಅದಕ್ಕೆ ಲಾಯಕ್ಕಾಗಲಿಲ್ಲ.

ಪೆನ್ನು ಕೆಳಗಿಳಿಯಿತು. ಹ್ಯಾಂಡ್ಲಿಂಗ್ ಚಾರ್ಜಸ್, 8,500.

"ಇದೇನಪ್ಪಾ ಹ್ಯಾಂಡ್ಲಿಂಗು? ಯಾರನ್ನ?"

"ಗಾಡೀನ ಸಾರ್" ಅಂದ ಶೋರೂಮಿನ ಸೇಲ್ಸ್ ಹುಡುಗ. "ಯಾರ್ಡಿಂದ ತರೋದು, ತೊಳೆಯೋದು, ಎಲ್ಲಾ ಇರುತ್ತಲ್ಲ."

"ಯಾರ್ಡ್ ಎಲ್ಲಿದೆ?"

"ಇಲ್ಲೇ ಹಿಂದುಗಡೆ ಸಾರ್."

ಮಾವ ಎದ್ದು ಹೋಗಿ ಕಿಟಕಿಯಿಂದ ಇಣುಕಿದರು. ಕಾರುಗಳು ಸಾಲಾಗಿ ನಿಂತಿದ್ದವು. "ಎಂಟೂವರೆ ಸಾವಿರ ಕೊಟ್ರೆ ಇದನ್ನ ಕಾಶಿಯಿಂದ ತಂದುಕೊಡ್ತೀನಿ" ಅಂದರು.

ಹುಡುಗ ಪಾಪ ಒಳ್ಳೆಯವನು. "ಸಾರ್, ಲೋನ್‌ಗೆ ಸೇರಿಸಿಬಿಟ್ರೆ ಗೊತ್ತೇ ಆಗಲ್ಲ. ಐದು ವರ್ಷಕ್ಕೆ ತಿಂಗಳಿಗೆ ಬರೀ 180 ರೂಪಾಯಿ ಜಾಸ್ತಿ."

"ಅಂದ್ರೆ ಗಾಡಿ ತೊಳೆದಿದ್ದಕ್ಕೆ ನಮ್ಮ ಅಳಿಯಂದ್ರು ಐದು ವರ್ಷ ಬಡ್ಡಿ ಕಟ್ಬೇಕಾ?"

ಆ ಸಾಲಿಗೆ ಕೆಂಪು ಗೆರೆ ಬಿತ್ತು. ಹುಡುಗ ಒಳಗೆ ಹೋಗಿ ಹೊಸ ಪ್ರಿಂಟ್ ತಂದ. ಹ್ಯಾಂಡ್ಲಿಂಗ್ ಮಾಯವಾಗಿತ್ತು. ಅದೇ ಜಾಗದಲ್ಲಿ ಲಾಜಿಸ್ಟಿಕ್ಸ್ ಅಂತ ಬಂದು ಕೂತಿತ್ತು. 8,500. ಆತ್ಮಕ್ಕೆ ಸಾವಿಲ್ಲ, ಹಳೇ ಬಟ್ಟೆ ಬಿಟ್ಟು ಹೊಸದು ಹಾಕಿಕೊಳ್ಳುತ್ತದೆ ಅಂತ ಹರಿಕಥೆಯಲ್ಲಿ ಕೇಳಿದ್ದೆ. ಕಣ್ಣಾರೆ ನೋಡಿದ್ದು ಇದೇ ಮೊದಲು. ಈ ಜನ್ಮಕ್ಕೂ ಕೆಂಪು ಗೆರೆ.

ಆಮೇಲೆ ಎಸೆನ್ಷಿಯಲ್ ಕಿಟ್, 14,999. ಮ್ಯಾಟು, ಮಡ್ ಫ್ಲ್ಯಾಪು, ಸ್ಟೇರಿಂಗ್ ಕವರ್, ಸೆಂಟ್ ಬಾಟ್ಲಿ, ಟಿಶ್ಯೂ ಡಬ್ಬಿ. "ಎಸೆನ್ಷಿಯಲ್ ಅಂದ್ರೆ ಇಲ್ದಿದ್ರೆ ಆಗಲ್ಲ ಅಂತ ತಾನೇ? ಈ ಡಬ್ಬಿ ಇಡದಿದ್ರೆ ಗಾಡಿ ಸ್ಟಾರ್ಟ್ ಆಗಲ್ವಾ?" ಕಾರಿನ ಸಾಮಾನು ಮಾರುವ ಬೆಂಗಳೂರಿನ ಜೆ.ಸಿ. ರೋಡಿನಲ್ಲಿ ಇಷ್ಟೂ ಎಷ್ಟಕ್ಕೆ ಸಿಗುತ್ತದೆ ಅಂತ ಹುಡುಗನಿಗೂ ಗೊತ್ತು, ನಮಗೂ ಗೊತ್ತು. ಇಬ್ಬರೂ ಸುಮ್ನೆ ಕೂತೆವು. ಕೋಟಿಂಗ್, ಎಕ್ಸ್‌ಟೆಂಡೆಡ್ ವಾರಂಟಿ ಎರಡನ್ನೂ ಮಾವ ಓದಲೂ ಇಲ್ಲ. ಗೆರೆ ಎಳೆದರು, ಅಷ್ಟೇ.

ನಿಜವಾದ ಊಟ ಇನ್ನೂ ಬಾಕಿ ಇತ್ತು. ಇನ್ಶೂರೆನ್ಸ್, 52,000. ಇದನ್ನು ಶೋರೂಮಿನಲ್ಲೇ ಮಾಡಿಸಬೇಕು ಅಂತ ಯಾವ ಕಾನೂನೂ ಇಲ್ಲ. ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ 2018ರಿಂದ ಕಡ್ಡಾಯ, ನಿಜ. ಆದರೆ ಅದರ ದರವನ್ನು ಸರ್ಕಾರವೇ ಗೊತ್ತು ಮಾಡಿರುತ್ತದೆ, ಎಲ್ಲಿ ಹೋದರೂ ಅಷ್ಟೇ. ಹೆಚ್ಚು ಕಡಿಮೆ ಆಗುವುದು ನಮ್ಮ ಗಾಡಿಗೇ ಆಗುವ ಡ್ಯಾಮೇಜಿನ ವಿಮೆ, ಝೀರೋ ಡೆಪ್ (ಬಿಡಿಭಾಗ ಹಳತಾಯಿತು ಅಂತ ಕ್ಲೇಮಿನಲ್ಲಿ ದುಡ್ಡು ಕಳೆಯದ ವಿಮೆ) ತರಹದ್ದು. ನಾನು ಅಲ್ಲೇ ಕೂತು ಮೊಬೈಲಿನಲ್ಲಿ ಅದೇ ಕವರ್‌ಗೆ ಇನ್ನೊಂದು ಕಡೆ ರೇಟ್ ತೆಗೆದೆ. 34,000.

"ಹೊರಗಡೆ ಮಾಡ್ಸಿದ್ರೆ ಕ್ಲೇಮ್ ಕಷ್ಟ ಸಾರ್" ಅಂದ ಹುಡುಗ, ತಿಥಿ ಮನೆಗೆ ಬಂದವನ ಮುಖ ಮಾಡಿಕೊಂಡು.

ಮಾವ ಚೀಲ ಹೆಗಲಿಗೆ ಹಾಕಿ ಎದ್ದು ನಿಂತರು. ತರಕಾರಿ ಅಂಗಡಿ ಮುಂದೆ ಹೀಗೇ ನಾಲ್ಕು ಹೆಜ್ಜೆ ಹೋಗುತ್ತಾರೆ, ಅಂಗಡಿಯವನು ಕೂಗುತ್ತಾನೆ. ಇಲ್ಲಿ ಎರಡೇ ಹೆಜ್ಜೆಗೆ ಮ್ಯಾನೇಜರ್ ಕ್ಯಾಬಿನ್ ಬಾಗಿಲು ತೆರೆಯಿತು. ಎಸಿ, ಕಾಫಿ, ಬಿಸ್ಕತ್ತು. ಕೀಬೋರ್ಡ್ ಮೇಲೆ ಬೆರಳಾಡಿಸಿದ ಮ್ಯಾನೇಜರ್, "ನಿಮಗೋಸ್ಕರ ಸ್ಪೆಷಲ್ಲಾಗಿ 36,000 ಮಾಡಿಕೊಡ್ತೀನಿ" ಅಂದರು. ಹದಿನಾರು ಸಾವಿರ ಎಲ್ಲಿಗೆ ಹೋಯಿತು ಅಂತ ನನಗೆ ಆಶ್ಚರ್ಯ. ಅದು ಎಲ್ಲಿಂದ ಬಂದಿತ್ತು ಅಂತ ಮಾವ ಕೇಳಿದರು. ಮ್ಯಾನೇಜರ್ ಇನ್ನೊಂದು ಬಿಸ್ಕತ್ತು ಮುಂದೆ ತಳ್ಳಿದರು.

ಸತ್ಯ ಹೇಳಬೇಕಂದರೆ ಮಾವ ಇಲ್ಲದಿದ್ದರೆ ನಾನು ಮೊದಲ ಕಾಫಿಗೇ ಸೈನ್ ಮಾಡಿರುತ್ತಿದ್ದೆ. ಹೆಂಡತಿ ಆಗಲೇ ಬಾನೆಟ್ ಪಕ್ಕ ನಿಂತು ಫೋಟೋ ತೆಗೆಸಿಕೊಂಡಿದ್ದಳು. ಆಮೇಲೆ ಯಾರು ರೇಟು ಕೇಳುತ್ತಾರೆ?

ಡೆಲಿವರಿ ದಿನ ಕೇಕು, ರಿಬ್ಬನ್ನು, ಆಳೆತ್ತರದ ರಟ್ಟಿನ ಕೀ, ಎಲ್ಲಾ ಆಯಿತು. ಪೂಜೆ ಮುಗಿಸಿ ಹುಡುಗ ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟ. ಮಾವ ಬಗ್ಗಿ ನೋಡಿದರು. ಚೀಲಕ್ಕೆ ಕೈ ಹಾಕಿ ಮನೆಯಿಂದ ತಂದ ನಾಲ್ಕು ನಿಂಬೆಹಣ್ಣು ತೆಗೆದರು.

"ಅವನ್ನ ತೆಗೆದು ಇವನ್ನ ಇಡಪ್ಪಾ. ಬಿಲ್ಲಿಗೆ ಹಾಕ್ಬಿಟ್ಟೀರಾ."

ಎಲ್ಲರೂ ನಕ್ಕರು. ಹುಡುಗ ಮಾತ್ರ ನಗಲಿಲ್ಲ. ಕೈಯಲ್ಲಿದ್ದ ಬಿಲ್ಲನ್ನು ಒಂದು ಸಲ ನೋಡಿಕೊಂಡ.