ನಿಮಿಷಕ್ಕೆ 60, ಅರ್ಥ ಆಮೇಲೆ

ಮೂರನೇ ತರಗತಿ ಮುಗಿಯುವಷ್ಟರಲ್ಲಿ ಮಗು ನಿಮಿಷಕ್ಕೆ ಕನಿಷ್ಠ 60 ಪದ ಓದಬೇಕು. 2021ರ ಜುಲೈಯಲ್ಲಿ ಶುರುವಾದ ನಿಪುಣ್ ಭಾರತ್, ಅಂದರೆ ಚಿಕ್ಕ ಮಕ್ಕಳ ಓದು-ಲೆಕ್ಕಕ್ಕೆಂದು ಕೇಂದ್ರ ಸರ್ಕಾರ ತಂದ ಯೋಜನೆ, ಹಾಕಿಕೊಟ್ಟ ಗುರಿ. ಮೂಲದಲ್ಲಿ ‘ಅರ್ಥ ಸಹಿತ’ ಅಂತಲೂ ಇತ್ತು. ದಿಲ್ಲಿಯಿಂದ ಬೆಂಗಳೂರಿಗೆ ಬಂದು, ಅಲ್ಲಿಂದ ನಮ್ಮ ಉತ್ತರ ಕನ್ನಡ ಜಿಲ್ಲೆಯ ಕಾರವಾರಕ್ಕೆ ಇಳಿಯುವಾಗ ಆ ಎರಡು ಪದ ಅರಬೈಲ್ ಘಾಟಿಯ ಯಾವುದೋ ತಿರುವಿನಲ್ಲಿ ಉದುರಿಹೋದವು. ಶಾಲೆ ಮುಟ್ಟಿದ್ದು 60 ಮತ್ತು ಮೊಬೈಲಿನ ಸ್ಟಾಪ್‌ವಾಚ್.

ಅದೂ ಯಾವ ಭಾಷೆಯ 60? ‘ಹೋಗಬೇಕಾಗಿತ್ತಂತೆ’ ನಮಗೆ ಒಂದೇ ಪದ. ಇಂಗ್ಲಿಷಿನವನಿಗೆ ಅಷ್ಟು ಹೇಳಲು ಅರ್ಧ ಸಾಲು ಬೇಕು. ಭಾಷೆಗೊಂದು ಅಳತೆ ಇರಬೇಕೆಂದು ಕೇಂದ್ರಕ್ಕೂ ಹೊಳೆದು, 2022ರಲ್ಲಿ ಕನ್ನಡವೂ ಸೇರಿ 20 ಭಾಷೆಗಳಲ್ಲಿ ಅಧ್ಯಯನ ನಡೆಯಿತು. ಒಳ್ಳೆಯದೇ ಆಯಿತು. ಆದರೆ 60 ಅನ್ನುವುದು ಬಾಯಿಗೆ ಕೂತುಬಿಟ್ಟಿದೆ, ಮಗ್ಗಿಯ ಹಾಗೆ.

ಅರ್ಥದ ಪರೀಕ್ಷೆಯೇ ಇಲ್ಲ ಅಂದರೆ ಪಾಪ ಬರುತ್ತದೆ. ಓದಿಸಿದ ಮೇಲೆ ಐದು ಪ್ರಶ್ನೆ ಕೇಳುತ್ತಾರೆ. ನೀವೂ ಒಂದು ಕೈ ನೋಡಿ: ‘ಜಿಮುಟೆಯು ಡೊಂಬಳದ ಮೇಲೆ ಲುಚುಕಿತು.’ ಪ್ರಶ್ನೆ: ಜಿಮುಟೆಯು ಎಲ್ಲಿ ಲುಚುಕಿತು? ಉತ್ತರ: ಡೊಂಬಳದ ಮೇಲೆ. ಶಭಾಷ್, ಪೂರ್ತಿ ಅಂಕ! ಜಿಮುಟೆ ಅಂದರೆ ಏನೆಂದು ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ವಿಭಕ್ತಿ ಪ್ರತ್ಯಯ ಗೊತ್ತಿದ್ದರೆ ಸಾಕು, ಮಗು ಆ ‘ಮೇಲೆ’ಯನ್ನು ಹುಡುಕಿ, ಅಲ್ಲಿಂದ ಕತ್ತರಿಸಿ, ಇಲ್ಲಿಗೆ ಅಂಟಿಸುತ್ತದೆ. ‘ಅದು ಯಾಕೆ ಲುಚುಕಿತು?’ ಅಂತ ಕೇಳಿ ನೋಡಿ, ಇಡೀ ಕ್ಲಾಸು ಗಪ್‌ಚಿಪ್. ಆದರೆ ‘ಯಾಕೆ’ಗೆ ಮಾದರಿ ಉತ್ತರ ಇಲ್ಲ, ಆದ್ದರಿಂದ ಕೇಳುವುದೂ ಇಲ್ಲ.

ಈಗ ಹೊಸ ಸಡಗರ ಗೋಡೆಯ ಮೇಲೆ. ‘ಓದಿನ ಕಾರ್ಯತಂತ್ರಗಳು: ಮುನ್ನೂಹಿಸು, ಪ್ರಶ್ನಿಸು, ಸ್ಪಷ್ಟೀಕರಿಸು, ಸಂಕ್ಷೇಪಿಸು.’ ಎರಡನೇ ತರಗತಿಯ ಮಗು ‘ಸ್ಪಷ್ಟೀಕರಿಸು’ವಿನ ಎರಡು ಒತ್ತಕ್ಷರ ದಾಟುವಷ್ಟರಲ್ಲಿ ಬಿಸಿಯೂಟದ ಗಂಟೆ ಹೊಡೆದಿರುತ್ತದೆ. ಶಿರಸಿ ಕಡೆಯ ಮಳೆಗೆ ಲ್ಯಾಮಿನೇಷನ್ನಿನ ಒಳಗೇ ಬೂಸ್ಟು ಹಿಡಿದು ‘ಸಂಕ್ಷೇಪಿಸು’ ತಾನೇ ಸಂಕ್ಷೇಪವಾಗಿದೆ. ಪರವಾಗಿಲ್ಲ, ಫೋಟೊ ಜೂನ್‌ನಲ್ಲೇ ಗ್ರೂಪಿಗೆ ಹೋಗಿದೆ.

ಈ ನಾಲ್ಕು ಅಂಶಗಳು ಸುಮ್ಮನೆ ಬಂದವಲ್ಲ. ಅಮೆರಿಕದ ಸಂಶೋಧಕರಾದ ಪಲಿಂಕ್ಸರ್ ಮತ್ತು ಬ್ರೌನ್ 1984ರಲ್ಲಿ ಪ್ರಕಟಿಸಿದ ಪದ್ಧತಿ ಅದು. ಅವರು ಕಲಿಸಿದ್ದು ಅಕ್ಷರ ಸರಾಗವಾಗಿ ಬಂದು ಅರ್ಥದಲ್ಲಿ ಎಡವುತ್ತಿದ್ದ ಏಳನೇ ತರಗತಿಯವರಿಗೆ. ಒಂದೊಂದೇ ಪ್ಯಾರಾ ಓದುವುದು, ನಿಲ್ಲಿಸುವುದು, ಮಾತಾಡುವುದು. ಮೊದಮೊದಲು ಟೀಚರ್ ತನ್ನ ಯೋಚನೆಯನ್ನೇ ಗಟ್ಟಿಯಾಗಿ ಹೇಳಿ ತೋರಿಸಬೇಕು: ‘ಇಲ್ಲಿ ಅವನು ಅಂದರೆ ಯಾರು? ಅಪ್ಪನೋ ಮಗನೋ? ತಡಿ, ಹಿಂದಿನ ಸಾಲು ನೋಡ್ತೇನೆ.’ ಆಮೇಲೆ ಮೇಷ್ಟರಿಕೆ ಮಕ್ಕಳಿಗೆ, ಸರದಿಯ ಮೇಲೆ. ನಮ್ಮಲ್ಲಿ ಆಗುವುದು ಏನು? ಪಾಠದ ಕಥೆ ಪೂರ್ತಿ ಮೊದಲೇ ಹೇಳಿ ಮುಗಿಸಿ, ಪುಸ್ತಕ ತೆಗೆಸಿ, ‘ಈಗ ಮುಂದೇನಾಗಬಹುದು, ಊಹಿಸಿ’ ಅನ್ನುತ್ತೇವೆ. ಹುಲಿ ಸತ್ತದ್ದು ಗೊತ್ತಾದ ಮೇಲೆ ಊಹಿಸುವುದೇನು, ಹುಲಿಯ ತಿಥಿಯನ್ನೇ?

ತಮಾಷೆಯೆಂದರೆ, ಈ ಜಿಲ್ಲೆಯಲ್ಲಿ ‘ಅರ್ಥ ಹೇಳುವುದು’ ಒಂದು ಕಲೆ. ಅದಕ್ಕೆ ತಾಳಮದ್ದಳೆ ಎಂದು ಹೆಸರು, ವೇಷ-ಕುಣಿತವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ. ಭಾಗವತರು ನಾಲ್ಕು ಸಾಲು ಹಾಡುತ್ತಾರೆ, ಅರ್ಥಧಾರಿ ಅರ್ಧ ಗಂಟೆ ಅರ್ಥ ಹೇಳುತ್ತಾನೆ. ಎದುರಾಳಿ ಏನು ಕೇಳಬಹುದೆಂದು ಮುನ್ನೂಹಿಸುತ್ತಾನೆ. ‘ಹಾಗಾದರೆ ನೀನು ಬಂದದ್ದು ಸಂಧಾನಕ್ಕೋ ಸಮರಕ್ಕೋ?’ ಎಂದು ಪ್ರಶ್ನಿಸುತ್ತಾನೆ. ಒಂದು ಶಬ್ದ ಹಿಡಿದು ಜಗ್ಗಾಡಿ ಸ್ಪಷ್ಟೀಕರಿಸುತ್ತಾನೆ. ಕೊನೆಗೆ ಇಡೀ ವಾದವನ್ನು ಒಂದೇ ಮಾತಿಗೆ ಇಳಿಸಿ ಭಾಗವತರ ಕಡೆ ನೋಡುತ್ತಾನೆ. ನಾಲ್ಕಕ್ಕೆ ನಾಲ್ಕೂ ಆಯಿತು, ಪೋಸ್ಟರ್ ಇಲ್ಲದೆ! ಶಾಲೆಗಳ ಮೇಲೆ ಕಣ್ಣಿಡುವ ನಮ್ಮ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ, ಅಂದರೆ ಸಿ.ಆರ್.ಪಿ. ಸಾಹೇಬರು, ಸ್ಟಾಪ್‌ವಾಚ್ ಹಿಡಿದು ಅಲ್ಲಿ ಕೂತರೆ ಕೃಷ್ಣನೂ ಫೇಲು, ಕೌರವನೂ ಫೇಲು. ಪಾಸಾಗುವವರು ಭಾಗವತರೊಬ್ಬರೇ, ಅದೂ ದ್ರುತಗತಿಯಲ್ಲಿ ಹಾಡಿದರೆ.

ಇನ್ನೊಂದು ಹಳೇ ಸಂಗತಿ. 1988ರಲ್ಲಿ ಅಮೆರಿಕದಲ್ಲಿ 64 ಮಕ್ಕಳಿಗೆ ಬೇಸ್‌ಬಾಲ್ ಆಟದ ವರ್ಣನೆಯೊಂದನ್ನು ಓದಿಸಿದರು. ಓದಿನಲ್ಲಿ ಹಿಂದಿದ್ದರೂ ಆಟ ಗೊತ್ತಿದ್ದವರು, ಓದಿನಲ್ಲಿ ಜಾಣರಾಗಿದ್ದೂ ಆಟ ಗೊತ್ತಿಲ್ಲದವರಿಗಿಂತ ಚೆನ್ನಾಗಿ ನೆನಪಿಟ್ಟುಕೊಂಡರು. ತಂತ್ರ ಎಷ್ಟೇ ಕಲಿಸಿ, ವಿಷಯ ಗೊತ್ತಿಲ್ಲದಿದ್ದರೆ ಅರ್ಥ ಹುಟ್ಟುವುದಿಲ್ಲ. ಮಾಜಾಳಿಯ ಕಡಲತಡಿಯಲ್ಲಿ ರಂಪಣಿ ಬಲೆ ಎಳೆಯುವುದನ್ನು ನೋಡಿದ, ಮನೆಯಲ್ಲಿ ಕೊಂಕಣಿ ಆಡುವ ಮಗುವಿಗೆ ನಾವು ಕೊಡುವುದು ಮೆಟ್ರೊ ಪ್ರಯಾಣದ ಗದ್ಯ. ‘ಟೋಕನ್ ಹಾಕಿದಾಗ ಏನಾಯಿತು?’ ಮಗು ಬಾಯಿ ಬಿಡುವುದಿಲ್ಲ. ಪಟ್ಟಿಯಲ್ಲಿ ನಿಧಾನ ಕಲಿಕೆಯ ಮಗು ಎಂದು ಬರೆದುಕೊಳ್ಳುತ್ತೇವೆ. ಟೀಚರ್ ಕೊಂಕಣಿಯಲ್ಲೊಂದು ಮಾತು ಬಿಡಿಸಿ ಹೇಳಿದರೆ, ಕನ್ನಡ ಪೀರಿಯಡ್ಡಿನಲ್ಲಿ ಇದೆಂಥದು ಎಂಬ ಆಕ್ಷೇಪ ಬೇರೆ.

ನಗುವುದು ಸಾಕು ಮಾರಾಯ್ರೆ. ಘಟ್ಟದ ಮೇಲೆ ಒಬ್ಬರೇ ಟೀಚರ್ ಐದು ತರಗತಿ ನೋಡಿಕೊಳ್ಳುವ ಶಾಲೆಗಳಿವೆ. ಮೊಟ್ಟೆ, ಬಾಳೆಹಣ್ಣು, ಹಾಜರಿ, ಹಾಲಿನ ಪುಡಿಯ ಲೆಕ್ಕ, ಎಲ್ಲವೂ ಅವರ ಮೇಲೆ. ನೆಟ್‌ವರ್ಕ್ ಹುಡುಕಿ ಗುಡ್ಡ ಹತ್ತಿ ಕೋಷ್ಟಕ ತುಂಬುವವರೂ ಅವರೇ. ಒಂದು ಮಗುವಿನ ಎದುರು ಹತ್ತು ನಿಮಿಷ ಕೂತು ‘ನಿಂಗೆ ಏನನಿಸ್ತು?’ ಎಂದು ಕೇಳುವಷ್ಟು ಹೊತ್ತನ್ನು ಅವರಿಂದ ಕಿತ್ತುಕೊಂಡವರು ನಾವೇ. ಕಿತ್ತುಕೊಂಡ ಮೇಲೆ ಮಕ್ಕಳಿಗೆ ಗ್ರಹಿಕೆ ಇಲ್ಲ ಎಂದು ಕಾರ್ಯಾಗಾರ ಮಾಡುತ್ತೇವೆ. ಅಲ್ಲಿಗೂ ಅದೇ ಟೀಚರನ್ನು ಕರೆದು ಶಾಲೆಗೆ ಬೀಗ ಹಾಕಿಸುತ್ತೇವೆ.

ಅಡಿಕೆ ಮರ ಹತ್ತಿ ಕೊನೆ (ಗೊನೆ) ಇಳಿಸುವವನಿಗೆ ನಮ್ಮ ಕಡೆ ಕೊನೆಗೌಡ ಎನ್ನುತ್ತಾರೆ. ಸಿದ್ದಾಪುರದ ಕಡೆಯ ಮಗುವಿಗೆ ಮೂರು ಸಾಲು ಕೊಡಿ: ‘ಕೊನೆಗೌಡ ಬಂದ. ಅಂಗಳದಲ್ಲಿ ನಿಂತು ಮೋಡ ನೋಡಿದ. ಕವಳ ಹಾಕಿಕೊಂಡು ಮನೆಗೆ ಹೋದ.’ ಯಾಕೆ ಹೋದ? ಪುಸ್ತಕದಲ್ಲಿ ಉತ್ತರ ಇಲ್ಲ. ಮಗು ಮತ್ತೆ ಓದುತ್ತದೆ, ಕಿಟಕಿಯಾಚೆ ತೋಟ ನೋಡುತ್ತದೆ, ಪಕ್ಕದವನ ಹತ್ತಿರ ಏನೋ ಕೇಳುತ್ತದೆ. ಆಮೇಲೆ ಹೇಳುತ್ತದೆ: ‘ಮಳೆ ಬಂದ್ರೆ ಅಡಿಕೆ ಮರ ಜಾರ್ತು. ಕೊನೆ ಇಳಿಸಿದ್ರೂ ಒಣಗ್ಸೂಲೆ ಆಗ್ತಿಲ್ಲೆ.’

ಒಟ್ಟು ಒಂಬತ್ತು ಪದ, ಐದು ನಿಮಿಷ. ನಿಮಿಷಕ್ಕೆ ಎರಡು ಪದವೂ ಬೀಳಲಿಲ್ಲ. ಕೋಷ್ಟಕದಲ್ಲಿ ಆ ಮಗುವಿನ ಹೆಸರಿನ ಮುಂದೆ ಕೆಂಪು.