ಫೈಲಿನಲ್ಲಿ ಇರುವವಳೇ ಹೆಂಡತಿ

ಪತ್ರಿಕೆಯ ಸಣ್ಣ ಜಾಹೀರಾತಿನ ಪುಟವನ್ನು ಯಾರೂ ಓದುವುದಿಲ್ಲ. ಓದಬೇಕು. ಸೈಟು ಮಾರಾಟಕ್ಕಿದೆ, ಮಂಡಿನೋವಿಗೆ ಎಣ್ಣೆ ಇದೆ ಎನ್ನುವ ಸಾಲುಗಳ ನಡುವೆ ಇಂಥದ್ದೊಂದು ಸಿಕ್ಕೇ ಸಿಗುತ್ತದೆ: "ಆರ್ಮಿ ನಂಬರ್ ಇಷ್ಟು, ಮಾಜಿ ಹವಾಲ್ದಾರ್ ಆದ ನಾನು ತಿಳಿಯಪಡಿಸುವುದೇನೆಂದರೆ, ನನ್ನ ಸೇವಾ ದಾಖಲೆಯಲ್ಲಿ ನನ್ನ ಪತ್ನಿಯ ಹೆಸರು ಸುಮಿತ್ರಾ ದೇವಿ ಎಂದು ತಪ್ಪಾಗಿ ನಮೂದಾಗಿದ್ದು, ಸರಿಯಾದ ಹೆಸರು ಸುಮಿತ್ರವ್ವ ಎಂದಿರುತ್ತದೆ. ಎರಡೂ ಹೆಸರುಗಳು ಒಬ್ಬಳೇ ವ್ಯಕ್ತಿಯದ್ದಾಗಿರುತ್ತವೆ."

ಮೂವತ್ತು ನಲವತ್ತು ವರ್ಷ ಸಂಸಾರ ಮಾಡಿದ ಮನುಷ್ಯ ತನಗಿರುವುದು ಒಬ್ಬಳೇ ಹೆಂಡತಿ ಎಂದು ಕೈಯಿಂದ ದುಡ್ಡು ಕೊಟ್ಟು ಊರಿಗೆಲ್ಲ ಸಾರಬೇಕು. ಅದೂ ಒಂದು ಪತ್ರಿಕೆಯಲ್ಲಿ ಸಾರಿದರೆ ಸಾಲದು. ಒಂದು ಇಂಗ್ಲಿಷ್ ಪತ್ರಿಕೆ, ಒಂದು ಕನ್ನಡ ಪತ್ರಿಕೆ. ತಪ್ಪು ಬರೆದವನ ಹೆಸರು ಮಾತ್ರ ಎರಡರಲ್ಲೂ ಇರುವುದಿಲ್ಲ. ಅವನು ಪಿಂಚಣಿ ತೆಗೆದುಕೊಂಡು ಎಲ್ಲೋ ಆರಾಮಾಗಿದ್ದಾನೆ. ಅವನ ಹೆಂಡತಿಯ ಹೆಸರು ದಾಖಲೆಯಲ್ಲಿ ಸರಿಯಾಗಿರುತ್ತದೆ, ಬೇಕಾದರೆ ಬಾಜಿ ಕಟ್ಟುತ್ತೇನೆ.

ಈ ತಪ್ಪುಗಳಿಗೆ ಯಾರ ದುರುದ್ದೇಶವೂ ಬೇಕಿಲ್ಲ. ಗದಗಿನ ಕಡೆಯ ಹುಡುಗ ಭರ್ತಿಯಾಗಿ ಜಬಲ್ಪುರಕ್ಕೋ ನಾಸಿಕ್‌ಗೋ ಹೋಗುತ್ತಾನೆ. ಹತ್ತೊಂಬತ್ತರ ಪ್ರಾಯ. ಹಿಂದಿ ಬರುವುದಿಲ್ಲ. ತಲೆ ನುಣ್ಣಗೆ ಮಾಡಿ ಸಾಲಿನಲ್ಲಿ ನಿಲ್ಲಿಸಿದ್ದಾರೆ. ಮೇಜಿನ ಆಚೆ ಕೂತ ಕ್ಲರ್ಕ್ ಅಪ್ಪನ ಹೆಸರು ಕೇಳುತ್ತಾನೆ. ಹುಡುಗ "ಶಿವಬಸಪ್ಪ" ಅನ್ನುತ್ತಾನೆ. ಕ್ಲರ್ಕಿಗೆ ಕೇಳಿಸುವುದು ಬೇರೆ, ಅವನು ಬರೆದುಕೊಳ್ಳುವುದು ಇನ್ನೂ ಬೇರೆ. "ಸಾಬ್, ಒಂದು ಅಕ್ಷರ ಬಿಟ್ಟಿದ್ದೀರಿ" ಎನ್ನಲು ಆ ಹೊತ್ತಿನಲ್ಲಿ ಯಾರಿಗೆ ಧೈರ್ಯ ಇರುತ್ತದೆ? ಹುಡುಗ ಮುಂದೆ ಗುಂಡಿಗೆ ಎದೆ ಕೊಡುತ್ತಾನೆ, ಆ ಮಾತು ಬೇರೆ. ಕ್ಲರ್ಕಿಗೆ ಎದುರಾಡುವುದಿಲ್ಲ.

ನಮ್ಮ ಇನಿಷಿಯಲ್ಲುಗಳದು ಇನ್ನೊಂದು ಗೋಳು. ಮುಂದಿನ ಅಕ್ಷರ ಊರಿನದು, ನಂತರದ್ದು ಅಪ್ಪನದು. ಅದನ್ನೆಲ್ಲ ಬಿಡಿಸಿ ಬರೆದು, ಕೊನೆಗೆ ಉಳಿದದ್ದನ್ನು ಸರ್‌ನೇಮ್ ಮಾಡುತ್ತಾರೆ. ಕೊಡಗಿನವರಲ್ಲಿ ಮನೆತನದ ಹೆಸರು ಮೊದಲು ಬರುತ್ತದೆ, ಫಾರಂನಲ್ಲಿ ಅದು ಕೊನೆಗೆ ಬರಬೇಕು. ಒಂದೇ ಮನೆಯ ಅಣ್ಣ ತಮ್ಮ ಸೇನೆಗೆ ಸೇರಿ ಎರಡು ವಂಶದವರಾಗಿ ನಿವೃತ್ತರಾಗಬಹುದು.

ಆಮೇಲೆ ಮದುವೆ. ರಜೆಯಲ್ಲಿ ಬಂದು ತಾಳಿ ಕಟ್ಟಿ, ವಾಪಸ್ ಹೋಗಿ ಯೂನಿಟ್ಟಿನ ಆಫೀಸಿನಲ್ಲಿ ಹೇಳಿದರೆ ಅದನ್ನು ಸೇವಾ ದಾಖಲೆಗೆ ಸೇರಿಸುವ ಪಾರ್ಟ್ ಟೂ ಆರ್ಡರ್ ಹೊರಡುತ್ತದೆ. ಸೇನೆಯ ಲೆಕ್ಕದಲ್ಲಿ ಮದುವೆ ಆಗುವುದು ಆಗಲೇ. ಮಗು ಹುಟ್ಟುವುದೂ ಹಾಗೆಯೇ. ಉತ್ತರ ಕರ್ನಾಟಕದ ಎಷ್ಟೋ ಮನೆಗಳಲ್ಲಿ ಮದುವೆಯಲ್ಲಿ ಸೊಸೆಗೆ ಹೊಸ ಹೆಸರು ಇಡುವುದುಂಟು. ತವರಿನ ನೀಲವ್ವ ಗಂಡನ ಮನೆಯಲ್ಲಿ ಶಾಂತವ್ವ. ಆಧಾರ್‌ನಲ್ಲಿ ನೀಲವ್ವ, ರೇಷನ್ ಕಾರ್ಡಿನಲ್ಲಿ ಶಾಂತವ್ವ, ಸೇನೆಯಲ್ಲಿ ಶಾಂತಿ ದೇವಿ. ದೇವಿ ಎಲ್ಲಿಂದ ಬಂದಳು ಅಂತ ಕೇಳಬೇಡಿ. ಕ್ಲರ್ಕಿನ ಊರಿನಲ್ಲಿ ಹೆಂಗಸರೆಲ್ಲ ದೇವಿಯರೇ. ನಮ್ಮ ಸೊಸೆಗೂ ಆ ಪಟ್ಟ ಪುಕ್ಕಟೆಯಾಗಿ ಸಿಕ್ಕಿತು, ಅಷ್ಟೇ.

ಹುಟ್ಟಿದ ದಿನದ ವಿಷಯದಲ್ಲಿ ಮಾತ್ರ ಸರ್ಕಾರ ಬಹಳ ಉದಾರಿ. ವರ್ಷ ಗೊತ್ತಿದ್ದು ದಿನ, ತಿಂಗಳು ಗೊತ್ತಿಲ್ಲದಿದ್ದರೆ ಜುಲೈ 1 ಎಂದು ಬರೆದುಕೊಳ್ಳಿ, ತಿಂಗಳೂ ಗೊತ್ತಿದ್ದರೆ ಆ ತಿಂಗಳ 16 ಎಂದು ಬರೆದುಕೊಳ್ಳಿ ಎನ್ನುವುದು ಸರ್ಕಾರಿ ನೌಕರಿಯ ಹಳೆಯ ನಿಯಮ. "ಕಾರಹುಣ್ಣಿಮೆ ಮರುದಿನ, ಎತ್ತು ಓಡಿಸಿದ ರಾತ್ರಿ ಹುಟ್ಟಿದ" ಎಂದು ಹೆತ್ತವಳು ಹೇಳಿದರೆ ಅದು ಸಾಕ್ಷಿ ಅಲ್ಲ. ಅವಳು ಆ ಹೊತ್ತಿನಲ್ಲಿ ಅಲ್ಲೇ ಇದ್ದಳು ಅನ್ನುವುದೂ ಸಾಕ್ಷಿ ಅಲ್ಲ.

ಜನ್ಮದಿನಾಂಕದ ಮಾತು ಬಂದ ಮೇಲೆ ಸೇನೆಯ ಮುಖ್ಯಸ್ಥರಾಗಿದ್ದ ಜನರಲ್ ವಿ.ಕೆ. ಸಿಂಗ್ ಅವರಿಗೆ ಒಂದು ಸೆಲ್ಯೂಟ್ ಹೊಡೆಯದೆ ಮುಂದೆ ಹೋಗಲಾಗುವುದಿಲ್ಲ. ಕಥೆ ನಿಮಗೆ ಗೊತ್ತು. ಆದರೂ ಎಷ್ಟು ಸಲ ಕೇಳಿದರೂ ಬೇಸರವಾಗದ ಕಥೆ. ಸೇನೆಯ ಮುಖ್ಯ ಕಚೇರಿಯಲ್ಲಿ ಎರಡು ಶಾಖೆ. ಅಡ್ಜುಟೆಂಟ್ ಜನರಲ್ ಶಾಖೆಯ ಪ್ರಕಾರ ಅವರು ಹುಟ್ಟಿದ್ದು 1951ರ ಮೇ 10. ಮಿಲಿಟರಿ ಸೆಕ್ರೆಟರಿ ಶಾಖೆಯ ಪ್ರಕಾರ 1950ರ ಮೇ 10. ಎರಡು ಶಾಖೆಗಳೂ ದಶಕಗಟ್ಟಲೆ ತಮ್ಮ ತಮ್ಮ ಸಿಂಗ್ ಅವರನ್ನು ಸಾಕಿಕೊಂಡು ಬಂದವು. ದಾಖಲೆ ಇಡುವ ಶಾಖೆಯಲ್ಲಿ ಕಿರಿಯ ಸಿಂಗ್, ಬಡ್ತಿ ನೋಡುವ ಶಾಖೆಯಲ್ಲಿ ಹಿರಿಯ ಸಿಂಗ್. ಬಡ್ತಿ ಸಿಕ್ಕಿದ್ದೆಲ್ಲ ಹಿರಿಯರಿಗೆ. ಮೆಟ್ರಿಕ್ ಸರ್ಟಿಫಿಕೇಟು 1951 ಎನ್ನುತ್ತದೆ. ಸೇನಾಧಿಕಾರಿಗಳನ್ನು ತಯಾರು ಮಾಡುವ ಎನ್‌ಡಿಎ ಅಕಾಡೆಮಿಗೆ ಸೇರಲು ಹುಡುಗನಾಗಿದ್ದಾಗ ಹಾಕಿದ ಯುಪಿಎಸ್‌ಸಿ ಅರ್ಜಿ 1950 ಎನ್ನುತ್ತದೆ. ಸಿಂಗ್ ಅವರು 2010ರಲ್ಲಿ ಸೇನೆಯ ಮುಖ್ಯಸ್ಥರಾದರು. ಆಗಲೂ ಅವರಿಗೆ ಎರಡು ವಯಸ್ಸು.

ನಿವೃತ್ತಿ ಹತ್ತಿರ ಬಂದಾಗ ಒಂದಷ್ಟು ತಿಂಗಳ ಕುರ್ಚಿ ಆ ಒಂದು ಅಂಕಿಯ ಮೇಲೆ ನಿಂತಿತ್ತು. 2012ರ ಜನವರಿಯಲ್ಲಿ ಅವರು ಸರ್ಕಾರದ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದರು. ಹಾಲಿ ಸೇನಾ ಮುಖ್ಯಸ್ಥರೊಬ್ಬರು ಹಾಗೆ ಹೋದದ್ದು ಅದೇ ಮೊದಲು. ಫೆಬ್ರವರಿ 10ರಂದು ಅರ್ಜಿ ಹಿಂದಕ್ಕೆ ತೆಗೆದುಕೊಂಡರು. ಮೇ 31ಕ್ಕೆ ನಿವೃತ್ತರಾದರು, 1950ರಲ್ಲಿ ಹುಟ್ಟಿದವರಾಗಿಯೇ. ಅವರ ವಾದ ಸರಿಯೋ ಸರ್ಕಾರದ್ದು ಸರಿಯೋ, ಆ ಜಗಳ ನನಗೆ ಬೇಡ. ನನಗೆ ಮಜಾ ಕೊಡುವುದು ಬೇರೆ. ಹತ್ತು ಲಕ್ಷಕ್ಕೂ ಹೆಚ್ಚು ಸೈನಿಕರ ದಂಡನಾಯಕ. ಒಂದು ಆದೇಶ ಕೊಟ್ಟರೆ ಟ್ಯಾಂಕುಗಳು ಗಡಿಗೆ ಸರಿಯುತ್ತವೆ. ತನ್ನದೇ ಕಚೇರಿಯ ಒಂದು ಫೈಲಿನಲ್ಲಿ ಸೊನ್ನೆಯನ್ನು ಒಂದು ಮಾಡಿಸಲು ಅವರಿಂದ ಆಗಲಿಲ್ಲ. ಇಂಥ ಗಟ್ಟಿ ಕೋಟೆಯನ್ನು ಚಿತ್ರದುರ್ಗದ ನಾಯಕರೂ ಕಟ್ಟಿರಲಿಲ್ಲ.

ಹಾಗಿರುವಾಗ ಸುಮಿತ್ರವ್ವನ ಗಂಡ ಯಾವ ಲೆಕ್ಕ? ಅವನು ಡಿಸ್ಚಾರ್ಜ್ ಬುಕ್ ಕಂಕುಳಲ್ಲಿ ಇಟ್ಟುಕೊಂಡು ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಗೆ ಹೋಗುತ್ತಾನೆ. "ರೆಕಾರ್ಡ್ಸ್‌ಗೆ ಬರೀರಿ" ಎನ್ನುತ್ತಾರೆ. ರೆಕಾರ್ಡ್ಸ್ ಅಂದರೆ ಸೈನಿಕರ ಸೇವಾ ದಾಖಲೆ ಇಡುವ ಕಚೇರಿ. ಫಿರಂಗಿ ದಳದವನಾದರೆ ಅದು ನಾಸಿಕ್ ರೋಡಿನಲ್ಲಿ, ಸಿಗ್ನಲ್ಸ್ ಆದರೆ ಜಬಲ್ಪುರದಲ್ಲಿ, ಯಂತ್ರ ದುರಸ್ತಿಯ ಇಎಂಇ ದಳ ಆದರೆ ಸಿಕಂದರಾಬಾದಿನಲ್ಲಿ, ಮದ್ರಾಸ್ ರೆಜಿಮೆಂಟ್ ಆದರೆ ವೆಲ್ಲಿಂಗ್ಟನ್ನಿನಲ್ಲಿ. ಮರಾಠಾ ಲೈಟ್ ಇನ್‌ಫೆಂಟ್ರಿಯವನು ಪುಣ್ಯವಂತ, ಅವನದು ಬೆಳಗಾವಿಯಲ್ಲೇ. ಅಲ್ಲಿ ತಿದ್ದಿದ ಮೇಲೆ ಪಿಂಚಣಿ ಆದೇಶವೂ, ಅಂದರೆ ಪಿಪಿಒ, ಬದಲಾಗಬೇಕು. ಅದನ್ನು ಹೊರಡಿಸುವವರು ಪ್ರಯಾಗ್‌ರಾಜ್‌ನಲ್ಲಿದ್ದಾರೆ. ಸಂಗಮದಲ್ಲಿ ಎರಡು ನದಿ ಕಣ್ಣಿಗೆ ಕಾಣುತ್ತವೆ, ಮೂರನೆಯದು ಕಾಣುವುದಿಲ್ಲ. ನಮ್ಮವರ ಅರ್ಜಿಗಳು ಹೋಗಿ ಸೇರುವುದು ಆ ಮೂರನೆಯದಕ್ಕೆ.

ಜೊತೆಗೆ ಛಾಪಾ ಕಾಗದ, ಅಫಿಡವಿಟ್, ನೋಟರಿಯ ಸೀಲು, ಇಬ್ಬರು ಸಾಕ್ಷಿ, ಪತ್ರಿಕೆಯ ಕತ್ತರಿಸಿದ ತುಂಡು. ಎಲ್ಲಕ್ಕಿಂತ ಮುಖ್ಯವಾದದ್ದು "ಇಬ್ಬರೂ ಒಬ್ಬರೇ" ಎನ್ನುವ ಪ್ರಮಾಣಪತ್ರ. ಜೀವ ಬೇರೆಯಲ್ಲ, ಬ್ರಹ್ಮ ಬೇರೆಯಲ್ಲ ಎಂದು ಸಾಧಿಸಲು ಶಂಕರಾಚಾರ್ಯರು ದೇಶವನ್ನೇ ಸುತ್ತಬೇಕಾಯಿತು, ಊರೂರಲ್ಲಿ ವಾದ ಮಾಡಬೇಕಾಯಿತು. ಕೋರ್ಟಿನ ಮುಂದಿನ ಬೇವಿನ ಮರದ ಕೆಳಗೆ ಕೂತ ನೋಟರಿ, ಸುಮಿತ್ರಾ ದೇವಿ ಬೇರೆಯಲ್ಲ ಸುಮಿತ್ರವ್ವ ಬೇರೆಯಲ್ಲ ಎಂದು ಎರಡೇ ನಿಮಿಷದಲ್ಲಿ ಅದ್ವೈತ ಸ್ಥಾಪಿಸುತ್ತಾನೆ. ಆ ಮೇಲೆ ರೆಕಾರ್ಡ್ಸ್‌ನಿಂದ ಉತ್ತರ ಬರುತ್ತದೆ: ಅಫಿಡವಿಟ್ಟಿನಲ್ಲಿ ಊರಿನ ಹೆಸರಿನ ಸ್ಪೆಲಿಂಗ್ ಹೊಂದುತ್ತಿಲ್ಲ, ಹೊಸದಾಗಿ ಕಳಿಸಿ.

ಇದೆಲ್ಲ ಹಳೆಯ ಕಾಲ, ಈಗ ಎಲ್ಲ ಆನ್‌ಲೈನ್ ಅಲ್ವಾ ಎನ್ನುವವರಿದ್ದಾರೆ. ಹೌದು, ಈಗ ಸೇನೆಯ ಪಿಂಚಣಿಗೆ ಸ್ಪರ್ಶ್ ಎನ್ನುವ ಆನ್‌ಲೈನ್ ವ್ಯವಸ್ಥೆ ಬಂದಿದೆ. ಒಳ್ಳೆಯದೇ. ಹಿಂದೆ ತಪ್ಪು ಒಂದು ಕಪಾಟಿನೊಳಗೆ ಧೂಳು ತಿನ್ನುತ್ತಾ ಸುಮ್ನೆ ಬಿದ್ದಿರುತ್ತಿತ್ತು. ಈಗ ಆಧಾರ್ ಜೊತೆ ತಾಳೆ ನೋಡಿ, ಕೆಂಪು ಅಕ್ಷರದಲ್ಲಿ ಎದ್ದು ನಿಲ್ಲುತ್ತದೆ. 2022ರ ಏಪ್ರಿಲ್ ತಿಂಗಳ ಪಿಂಚಣಿ ನೆನಪಿರಬೇಕು. ಬದುಕಿದ್ದೇನೆ ಎಂದು ತೋರಿಸುವ ವಾರ್ಷಿಕ ಗುರುತಿನ ದೃಢೀಕರಣ ಆಗಿಲ್ಲ ಎಂದು 58,275 ಮಂದಿಗೆ ತಿಂಗಳ ಕೊನೆಗೆ ಹಣ ಜಮೆ ಆಗಲಿಲ್ಲ. ಗಲಾಟೆಯಾಯಿತು. ಕೆಲವೇ ದಿನಗಳಲ್ಲಿ ಹಣ ಬಂತು. ಗುರುತು ತೋರಿಸಲು ಮೇ 25ರವರೆಗೆ ವಿನಾಯಿತಿಯೂ ಸಿಕ್ಕಿತು. ಬದುಕಿರಲು ವಿನಾಯಿತಿ! ಇಷ್ಟು ದೊಡ್ಡ ಮನಸ್ಸು ಯಮನಿಗೂ ಇಲ್ಲ.

ಬೇಡವಪ್ಪ, ನ್ಯಾಯವನ್ನೇ ಕೇಳೋಣ ಎಂದರೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಇದೆ. ಅದರ ಕಾನೂನು ಬಂದದ್ದು 2007ರಲ್ಲಿ. ಕರ್ನಾಟಕದವರ ಕೇಸು ಕೊಚ್ಚಿ ಪೀಠದ ವ್ಯಾಪ್ತಿಗೆ ಬರುತ್ತದೆ. ಬೀದರಿನ ಮಾಜಿ ಸೈನಿಕನಿಗೆ ಕೊಚ್ಚಿ! ಪಿಂಚಣಿ ಇಲ್ಲದೆ ಸೇನೆ ಬಿಟ್ಟವರಾದರೆ ಅವಸರ ಮಾಡಬೇಕು. ಅಂಥವರ ದಾಖಲೆಗಳನ್ನು 25 ವರ್ಷ ಇಟ್ಟುಕೊಂಡು ಆಮೇಲೆ ನಾಶ ಮಾಡಬಹುದು. ನೋಡಿ, ತಪ್ಪನ್ನು ಅಳಿಸುವ ನಿಯಮವೂ ಇದೆ. ತಪ್ಪಿನ ಜೊತೆಗೆ ಮನುಷ್ಯನೂ ಅಳಿಸಿಹೋಗುತ್ತಾನೆ, ಅದೊಂದೇ ಸಣ್ಣ ತೊಂದರೆ.

ಆದರೆ ಹೆಂಡತಿಯ ಹೆಸರಿನ ತಪ್ಪು ಹೆಚ್ಚಾಗಿ ಗೊತ್ತಾಗುವುದು ಯಾವಾಗ ಗೊತ್ತಾ? ಗಂಡ ಸತ್ತ ಮೇಲೆ. ಅವನು ಇರುವಷ್ಟು ದಿನ ಪಿಂಚಣಿ ಅವನ ಖಾತೆಗೆ ಬರುತ್ತಿತ್ತು. ಹೆಂಡತಿಯ ಹೆಸರನ್ನು ಯಾರೂ ತೆಗೆದು ನೋಡಲಿಲ್ಲ. ತಿಥಿ ಮುಗಿಸಿ ಮಗ ತಾಯಿಯನ್ನು ಕರೆದುಕೊಂಡು ಫ್ಯಾಮಿಲಿ ಪೆನ್ಷನ್ ಕೇಳಲು ಹೋಗುತ್ತಾನೆ. "ಪಿಪಿಒದಲ್ಲಿ ಇರೋದು ಶಾಂತಿ ದೇವಿ, ಇವರು ಯಾರು?" ಎನ್ನುತ್ತಾರೆ. ಬದುಕಿದ್ದಾಗ ಅವನದೊಂದು ಸಹಿ ಸಾಕಿತ್ತು. ಈಗ ಸಹಿ ಮಾಡುವವನು ಗೋಡೆಯ ಮೇಲೆ ಹಾರ ಹಾಕಿಸಿಕೊಂಡಿದ್ದಾನೆ.

ಎಪ್ಪತ್ತು ದಾಟಿದ ಹೆಂಗಸು. ಗಂಡ ಗಡಿಯಲ್ಲಿದ್ದಾಗ ಹೊಲ, ಮಕ್ಕಳು, ಅತ್ತೆಯ ಕಾಯಿಲೆ ಎಲ್ಲ ಒಬ್ಬಳೇ ನೋಡಿಕೊಂಡವಳು. ಅವಳು ಈಗ ತಾನು ಮೋಸಗಾರ್ತಿ ಅಲ್ಲ ಎಂದು ತಾಲೂಕು ಕಚೇರಿಯ ಮೆಟ್ಟಿಲ ಮೇಲೆ ಕೂತು ಸಾಬೀತು ಮಾಡಬೇಕು. ಯಾಕೆ? ಪೆನ್ನು ನಿಮ್ಮದು. ರಿಜಿಸ್ಟರ್ ನಿಮ್ಮದು. ಸೀಲು ನಿಮ್ಮದು. ಅವಳನ್ನು ಒಂದು ಮಾತು ಕೇಳದೆ ಅವಳಿಗೆ ಹೆಸರಿಟ್ಟವರು ನೀವು. ತಿದ್ದುವ ಖರ್ಚು, ಓಡಾಟ, ಅವಮಾನ ಮಾತ್ರ ಅವಳದು. ಇದರಲ್ಲಿ ನಗುವಂಥದ್ದು ಏನೂ ಇಲ್ಲ. ಪ್ರತಿ ವರ್ಷ ಯಾರೋ ಒಬ್ಬರು ವೇದಿಕೆ ಮೇಲೆ ವೀರನಾರಿಯರಿಗೆ ಶಾಲು ಹೊದಿಸುತ್ತಾರೆ. ಶಾಲು ಬೇಡ ಸ್ವಾಮಿ, ಸ್ಪೆಲಿಂಗ್ ಸರಿ ಮಾಡಿ.

ಕಾಗದವನ್ನು ನಂಬಿ ಮನುಷ್ಯನನ್ನು ನಂಬದಿದ್ದರೆ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎನ್ನುವುದನ್ನು 2019ರಲ್ಲಿ ಅಸ್ಸಾಮಿನಲ್ಲಿ ನೋಡಿದೆವು. ಮೂವತ್ತು ವರ್ಷ ಸೇನೆಯಲ್ಲಿದ್ದು ನಿವೃತ್ತರಾದ ಒಬ್ಬರನ್ನು ವಿದೇಶಿ ಎಂದು ಬಂಧನ ಕೇಂದ್ರದಲ್ಲಿ ಕೂರಿಸಿದರು. ಅವರ ಮೇಲಿನ ಹಳೆಯ ವರದಿಯಲ್ಲಿ ಅವರ ಕಸುಬು ಕೂಲಿ ಎಂದು ಬರೆದಿತ್ತು. ಗುವಾಹಟಿ ಹೈಕೋರ್ಟು ಜಾಮೀನು ಕೊಟ್ಟ ಮೇಲೆ ಮನೆಗೆ ಬಂದರು.

ನಿಮ್ಮ ಮನೆಯಲ್ಲೋ ಓಣಿಯಲ್ಲೋ ಮಾಜಿ ಸೈನಿಕರಿದ್ದರೆ ಒಂದು ಕೆಲಸ ಮಾಡಿ. ಟ್ರಂಕಿನಿಂದ ಪಿಪಿಒ, ಡಿಸ್ಚಾರ್ಜ್ ಬುಕ್ ಹೊರಗೆ ತೆಗೆಸಿ. ಎರಡರಲ್ಲೂ ಹೆಂಡತಿಯ ಹೆಸರು, ಹುಟ್ಟಿದ ತಾರೀಖು ಆಧಾರ್ ಜೊತೆ ಹೊಂದುತ್ತದೆಯೇ ನೋಡಿ. ಹೊಂದದಿದ್ದರೆ ಅವರು ಇರುವಾಗಲೇ ಅರ್ಜಿ ಬರೆಸಿ, ಸಹಿ ಹಾಕಿಸಿ, ಜೆರಾಕ್ಸ್ ಇಟ್ಟುಕೊಂಡು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ. ಹಬ್ಬ ಆಗಲಿ, ಸುಗ್ಗಿ ಮುಗಿಯಲಿ ಅಂತ ಮುಂದೂಡಬೇಡಿ. ಮತ್ತೆ ಲಕೋಟೆಯ ಮೇಲೆ ಅವರ ಹೆಸರನ್ನು ರೆಕಾರ್ಡ್ಸ್‌ನವರು ಬರೆದುಕೊಂಡಿರುವ ಹಾಗೆಯೇ, ತಪ್ಪಾಗಿಯೇ ಬರೆಯಿರಿ. ಸರಿಯಾಗಿ ಬರೆದರೆ ಅಂಥವರು ಯಾರೂ ನಮ್ಮಲ್ಲಿ ಇಲ್ಲ ಎಂದು ವಾಪಸ್ ಬರುತ್ತದೆ.