ತಾಯಿ ಇದ್ದಾಗ ಮಾವನ ಸಹಿ ಯಾಕೆ?

ಗಂಡ ತೀರಿದ ಮೇಲೆ ಮಕ್ಕಳು ಯಾರ ಸುಪರ್ದಿಯಲ್ಲಿರಬೇಕು ಅನ್ನೋದನ್ನ ಅಜ್ಜನ ಮನೆಯವರೇ, ಅಂದರೆ ಗಂಡನ ತಂದೆಯ ಕಡೆಯವರೇ ತೀರ್ಮಾನಿಸಬೇಕು ಎಂಬಂತೆ ಲೇಖನದಲ್ಲಿ ಬರೆದಿದ್ದೀರಿ. ಅದು ಸರಿಯಿಲ್ಲ. ಹಿಂದೂಗಳ ಮಟ್ಟಿಗೆ 1956ರ ಹಿಂದೂ ಅಪ್ರಾಪ್ತ ವಯಸ್ಕರ ಪಾಲಕತ್ವ ಕಾಯ್ದೆ ಸ್ಪಷ್ಟವಾಗಿದೆ. ತಂದೆ ಇಲ್ಲವಾದರೆ ತಾಯಿಯೇ ಸಹಜ ಪಾಲಕಿ, ಅದಕ್ಕೆ ಕೋರ್ಟ್ ಆದೇಶ ಬೇಕಿಲ್ಲ. ಗಂಡ ಉಯಿಲಿನಲ್ಲಿ ತನ್ನ ತಮ್ಮನನ್ನು ಪಾಲಕ ಅಂತ ಬರೆದಿಟ್ಟಿದ್ದರೂ ತಾಯಿ ಇರುವ ತನಕ ಅದು ನಡೆಯೋದಿಲ್ಲ.

ನಮ್ಮ ಪಕ್ಕದ ಮನೆಯವರಿಗೆ ಒಂದು ಬ್ಯಾಂಕಿನಲ್ಲಿ ಮಗನ ಖಾತೆ ತೆರೆಯಲು ಮಾವನ ಸಹಿ ಕೇಳಿದ್ದರು. ಗಂಡನ ಮರಣ ಪತ್ರ, ಮಗುವಿನ ಜನನ ಪತ್ರ, ಆಧಾರ್ ಎಲ್ಲ ಕೈಯಲ್ಲೇ ಇತ್ತು. ಸುಮ್ನೆ ಓಡಾಡಿಸಿದ್ದು, ಅಷ್ಟೇ.

ಆಸ್ತಿ ವಿಚಾರ ಮಾತ್ರ ಬೇರೆ. ಮಗುವಿನ ಹೆಸರಿನಲ್ಲಿರುವ ಸೈಟು ಮಾರಲು, ಅಡ ಇಡಲು, ಐದು ವರ್ಷಕ್ಕಿಂತ ಜಾಸ್ತಿ ಲೀಸ್‌ಗೆ ಕೊಡಲು ತಾಯಿಗೂ ಕೋರ್ಟ್ ಅನುಮತಿ ಬೇಕೇ ಬೇಕು. ಹಾಗೇ ಮಾರಿಬಿಟ್ಟರೆ, ಮಗು 18 ತುಂಬಿದ ಮೇಲೆ 3 ವರ್ಷದೊಳಗೆ ಆ ಕ್ರಯ ರದ್ದು ಮಾಡಿ ಅಂತ ದಾವೆ ಹಾಕಬಹುದು. ರೇಟು ಕಡಿಮೆ ಅಂತ ಕೊಳ್ಳುವವರು ಇದನ್ನ ಮರೆಯಬಾರದು ಅಲ್ವಾ? ಒಟ್ಟು ಕುಟುಂಬದ ಆಸ್ತಿಯಲ್ಲಿ ಮಗುವಿಗಿರುವ ಪಾಲಿಗೆ ಬೇರೆ ನಿಯಮ, ಅದನ್ನು ವಕೀಲರ ಹತ್ತಿರವೇ ಕೇಳಿ.

ಇನ್ನು ಮರುಮದುವೆ. ಮದುವೆಯಾದರೆ ಮಗುವಿನ ಮೇಲಿನ ಹಕ್ಕು ಹೋಯ್ತು ಎಂದು ಹೆದರಿಸುವವರು ಈಗಲೂ ಇದ್ದಾರೆ. ಸನ್ಯಾಸ ತಗೊಂಡರೆ ಪಾಲಕತ್ವ ಹೋಗುತ್ತದೆ ಎಂದು ಕಾಯ್ದೆ ಹೇಳುತ್ತದೆ, ಮದುವೆಯಾದರೆ ಅಂತ ಹೇಳಿಲ್ಲ! 2022ರಲ್ಲಿ ಸುಪ್ರೀಂ ಕೋರ್ಟ್, ಗಂಡ ತೀರಿ ಮತ್ತೆ ಮದುವೆಯಾದ ತಾಯಿ ಮಗುವಿನ ಮನೆತನದ ಹೆಸರನ್ನೂ ತಾನೇ ನಿರ್ಧರಿಸಬಹುದು ಎಂದಿದೆ.